ಆಮೆ ಗುರುತಿನ ಹಂಚು

ಅರವತ್ತು ದಾಟುವವರೆಗೆ ರಾಜೀವಿ ಮುಂಬಯಿಯ ಸಮುದ್ರವನ್ನು ಬೆಳಗಿನ ಹೊತ್ತು ನೋಡಿರಲಿಲ್ಲ. ದಾದರಿನ ಅವರ ಹೋಟೆಲಿನಿಂದ ಕಡಲ ತೀರ ನಡೆದೇ ಹೋಗುವಷ್ಟು ಹತ್ತಿರವಿತ್ತು. ಆದರೂ ಉಡುಪಿಯ ಹತ್ತಿರದ ಪಡುಕರೆಯಿಂದ ಮದುವೆಯಾಗಿ ಬಂದ ಲಾಗಾಯ್ತು ಅವಳ ಬೆಳಗುಗಳೆಲ್ಲ ಇಡ್ಲಿ ಪಾತ್ರೆಯ ಹಬೆಯಲ್ಲೇ ಕರಗಿಹೋಗಿದ್ದವು. ಗಂಡ ತೀರಿಕೊಂಡ ಮೇಲೆ ಮಗ ಹಿತೇಶ್ ನಿಧಾನವಾಗಿ ಹೋಟೆಲನ್ನು ವಹಿಸಿಕೊಂಡ. ಒಂದು ದಿನ, "ಅಮ್ಮ, ನೀವಿನ್ನು ಬೆಳಿಗ್ಗೆ ಕಿಚನಿಗೆ ಬರೋದೇ ಬೇಡ. ನಿದ್ದೆ ಮಾಡಿ. ತಿಂಡಿಯ ರಶ್ ಮುಗಿದ ಮೇಲೆ ಬಂದು ಗಲ್ಲೆಯಲ್ಲಿ ಕೂತ್ಕೊಳ್ಳಿ, ಸಾಕು," ಎಂದ.

ಆದರೆ ಇಷ್ಟು ವರ್ಷ ಕತ್ತಲಲ್ಲೇ ಎದ್ದ ಮೈಗೆ ನಿದ್ದೆ ಎಲ್ಲಿಂದ ಬರಬೇಕು? ಎಚ್ಚರವಾಗಿ ಮಲಗಿರುವುದು ಬೇಸರವಾಗಿ ಅವಳು ಚೌಪಾಟಿಗೆ ಹೋಗತೊಡಗಿದಳು. ನೀರು ಇಳಿದಿದ್ದ ದಿನಗಳಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು, ಒದ್ದೆ ಮರಳಿನ ಮೇಲೆ ಮಾಹಿಮ್ ಕಡೆಗೆ ನಡೆಯುವಳು. ಮಂಜಿನಲ್ಲಿ ಸೀ ಲಿಂಕ್ ಸೇತುವೆಯ ನಡುಭಾಗವೇ ಇಲ್ಲದಂತಾಗಿ, ಎರಡು ತುದಿಗಳು ಮಾತ್ರ ಗಾಳಿಯಲ್ಲಿ ತೇಲುತ್ತಿದ್ದವು. ನೀರು ಯಾವುದು, ಆಕಾಶ ಯಾವುದು ಎಂದು ತಿಳಿಯುತ್ತಿರಲಿಲ್ಲ. ನಡೆಯುತ್ತ ನಡೆಯುತ್ತ ತಾನು ಎದ್ದು ಬಂದಿದ್ದೇನೋ ಅಥವಾ ಇನ್ನೂ ಹಾಸಿಗೆಯಲ್ಲೇ ಇದ್ದೇನೋ ಎಂದು ಅವಳಿಗೆ ಸಂಶಯವಾಗುತ್ತಿತ್ತು.

ಮಳೆಗಾಲ ಮುಗಿದ ಹೊಸತರಲ್ಲಿ ಅಂಥ ಒಂದು ಬೆಳಿಗ್ಗೆ ಅಂಗಾಲಿಗೆ ಏನೋ ಒತ್ತಿತು. ಪ್ಲಾಸ್ಟಿಕ್ ಚೀಲ, ಹರಿದ ಬಲೆ, ಗಣಪತಿಯ ಬಣ್ಣದ ಚೂರುಗಳ ನಡುವೆ ಅಂಗೈಯಗಲದ ಒಂದು ಕೆಂಪು ತುಂಡು. ಅಂಚುಗಳನ್ನು ಕಡಲು ಸವೆಸಿ ಬಿಸ್ಕತ್ತಿನ ಹಾಗೆ ನುಣುಪಾಗಿಸಿತ್ತು. ಎತ್ತಿ ಬೆರಳಾಡಿಸಿದಳು. ಉದ್ದಕ್ಕೆ ಒಂದು ಕಾಲುವೆ, ಅದರ ಪಕ್ಕದಲ್ಲಿ ಒಂದು ಏಣು. ಕಣ್ಣು ಗುರುತಿಸುವ ಮೊದಲೇ ಬೆರಳು ಗುರುತಿಸಿತು. ಇದು ಹಂಚು. ಚಿಕ್ಕಂದಿನಲ್ಲಿ ಮಳೆಗಾಲಕ್ಕೆ ಮುಂಚೆ ಮಾಡಿನ ಹಂಚು ತೆಗೆದು ಜೋಡಿಸುವಾಗ ಕೆಳಗೆ ನಿಂತು ಒಂದೊಂದಾಗಿ ಕೈಗೆ ಕೊಟ್ಟವಳು ಅವಳು.

ಮರುದಿನ ಅದೇ ಜಾಗದಲ್ಲಿ ಇನ್ನಷ್ಟು ಸಿಕ್ಕವು. ಮಳೆಗಾಲದ ಅಲೆಗಳು ಅಡಿಯ ಮರಳನ್ನು ಮಗುಚಿ ಹಾಕಿದ್ದವು. ಒಂದು ತುಂಡಿನ ಮೇಲೆ ಅರ್ಧ ಆಮೆಯ ಚಿತ್ರ ಉಬ್ಬಿ ನಿಂತಿತ್ತು: ಚಿಪ್ಪಿನ ಒಂದು ಪಾಲು, ಒಂದು ಕಾಲು, ಮುಂದಕ್ಕೆ ಚಾಚಿದ ಕತ್ತು. ಅದನ್ನು ತೊಳೆದು, ಗಲ್ಲೆಯ ಹಿಂದಿನ ಕಿಟಕಿಯ ಕಟ್ಟೆಯ ಮೇಲೆ ಉಳಿದ ತುಂಡುಗಳ ಜೊತೆ ಸಾಲಾಗಿ ಇಟ್ಟಳು.

"ಇದೆಂತ ಅಮ್ಮ ಕಸ?" ಎಂದ ಹಿತೇಶ್.

"ಇರ್ಲಿ ಮಾರಾಯ. ನಿನ್ನ ಇಡ್ಲಿಯನ್ನೇನೂ ತಿನ್ನುದಿಲ್ಲ ಅದು," ಎಂದಳು ರಾಜೀವಿ.

ಅವು ಯಾಕೆ ಬೇಕೆಂದು ಮಗನಿಗೆ ಹೇಳಲಿಲ್ಲ. ಅವಳ ಅಮ್ಮ ತೊಟ್ಟಿಲಲ್ಲಿದ್ದಾಗ ಅಜ್ಜ ಪೂವಪ್ಪ ಹಂಚು ತುಂಬಿದ ಮಂಜಿಯಲ್ಲಿ ಮಂಗಳೂರು ಬಂದರಿನಿಂದ ಮುಂಬಯಿಗೆ ಹೊರಟಿದ್ದರು. ಮಂಜಿ ಅಂದರೆ ಹಾಯಿ ಕಟ್ಟಿದ ದೊಡ್ಡ ಸರಕಿನ ಹಡಗು. ಅಜ್ಜ ಅದರಲ್ಲಿ ಹಾಯಿ ಎಳೆಯುವ ಆಳು. ಆ ಮಂಜಿ ಹಿಂದಿರುಗಲಿಲ್ಲ. ಮುಂಬಯಿ ಕಾಣುವಷ್ಟು ಹತ್ತಿರ ಬಂದು ಮುಳುಗಿತು ಎಂದು ಯಾರೋ ಹೇಳಿದರು, ಯಾರೆಂದು ಯಾರಿಗೂ ನೆನಪಿಲ್ಲ. ಅಮ್ಮ ಸಾಯುವವರೆಗೂ ತನ್ನ ಅಪ್ಪನ ಮುಖ ಹೇಗಿತ್ತೆಂದು ಊಹಿಸುತ್ತಲೇ ಇದ್ದಳು. ಕನ್ನಡಿ ನೋಡಿಕೊಂಡು, "ಮೂಗು ಅವರದ್ದಿರಬೇಕು. ಅಮ್ಮನ ಮೂಗು ಹೀಗಿರಲಿಲ್ಲ," ಎನ್ನುತ್ತಿದ್ದಳು.

ಕಿಟಕಿ ಕಟ್ಟೆಯ ಮೇಲಿನ ತುಂಡುಗಳನ್ನು ಮೊದಲು ಸರಿಯಾಗಿ ನೋಡಿದವಳು ಭುವನೇಶ್ವರಿ. ಹಳೆಯ ಕಟ್ಟಡಗಳನ್ನು ರಿಪೇರಿ ಮಾಡಿಸುವ ಒಂದು ಆಫೀಸಿನಲ್ಲಿ ಅವಳಿಗೆ ಕೆಲಸ. ದಾದರಿನಲ್ಲಿ ಒಂದು ಮರದ ಚಾಳಿನ ಮಾಡು ಬಿಚ್ಚಿಸುತ್ತಿದ್ದಳು, ತಿಂಡಿಗೆ ದಿನವೂ ಇಲ್ಲಿಗೆ ಬರುತ್ತಿದ್ದಳು. ಬಿಲ್ಲು ಕೊಡಲು ನಿಂತವಳು ಕೈ ಚಾಚಿ ಆಮೆಯ ತುಂಡನ್ನು ಎತ್ತಿಕೊಂಡಳು, ತಿರುವಿದಳು, ಉಗುರಿನಿಂದ ಕೆರೆದಳು.

"ಅಕ್ಕಾರ, ಇದು ಎಲ್ಲಿ ಸಿಕ್ತರೀ?"

ಕನ್ನಡ ಕೇಳಿ ರಾಜೀವಿ ತಲೆಯೆತ್ತಿದಳು. "ಅರೆ, ನೀನು ನಮ್ಮವಳಾ? ಇಷ್ಟು ದಿನ ಮರಾಠಿಯಲ್ಲಿ ಮಾತಾಡಿಸಿದೆನಲ್ಲ!"

"ನಮ್ದು ಕಲಬುರಗಿ ಕಡೆ ರೀ. ಮತಲಬ್, ನಮ್ಮಪ್ಪಂದು. ನಾ ಹುಟ್ಟಿದ್ದು ಧಾರಾವಿಯೊಳಗ."

ಅವಳ ಅಪ್ಪ ಅಣವೀರಪ್ಪ ಹಳೆಯ ಬಿಲ್ಡಿಂಗುಗಳನ್ನು ಕೆಡಹುವ ಕೆಲಸಕ್ಕೆ ಹೋಗುತ್ತಿದ್ದವನು. ಸಂಜೆ ಬರುವಾಗ ಮಗಳು ಕುಂಟಾಟ ಆಡಲೆಂದು ಜೇಬಿನಲ್ಲಿ ಹಂಚಿನ ಬಿಲ್ಲೆ ತರುತ್ತಿದ್ದನಂತೆ. ತಗಡಿನ ಮಾಡಿನ ಕೆಳಗೆ ಬೆಳೆದ ಹುಡುಗಿ ಆ ಬಿಲ್ಲೆಗಳ ಮೇಲಿನ ಹೂ, ಹಕ್ಕಿ, ಅಕ್ಷರಗಳನ್ನು ಬೆರಳಿನಿಂದ ತಡವುತ್ತ ಕೂರುತ್ತಿದ್ದಳು. ಕಾಲೇಜಿನಲ್ಲಿ ಪುರಾತತ್ವ ಓದಿದ್ದೂ ಆ ದಾರಿ ಹಿಡಿದೇ.

ಇಬ್ಬರೂ ಮುಂದಿನ ಭಾನುವಾರ ಇಳಿತದ ಹೊತ್ತಿಗೆ ಕೂಡಿ ಹೋದರು. ಮಂಜು ದಟ್ಟವಾಗಿತ್ತು. ಭುವನೇಶ್ವರಿ ಬಗ್ಗಿಕೊಂಡು ಮುಂದೆ ಹೋದರೆ ರಾಜೀವಿಗೆ ಅವಳ ಹಳದಿ ಓಢಣಿ ಮಾತ್ರ ಕಾಣುತ್ತಿತ್ತು, ಒಮ್ಮೊಮ್ಮೆ ಅದೂ ಇಲ್ಲ. ಮಂಜಿನ ಒಳಗಿನಿಂದ ದನಿ ಬಂತು.

"ಅಕ್ಕಾರ! ಬರ್ರಿ ಇಲ್ಲಿ, ಲಗೂನ ಬರ್ರಿ!"

ಅವಳ ಕೈಯಲ್ಲಿ ಭಾರವಾದ ಒಂದು ಮುದ್ದೆಯಿತ್ತು. ಮೇಲೆಲ್ಲ ಬಿಳಿ ಚಿಪ್ಪು ಅಂಟಿ, ಗಟ್ಟಿಯಾಗಿ, ಕಲ್ಲಿನಂತಾಗಿತ್ತು. ತೊಳೆದಾಗ ತಿಳಿಯಿತು. ಅದು ಒಂದಲ್ಲ, ಎರಡು ಹಂಚು, ಒಂದರ ಬೆನ್ನಿಗೆ ಇನ್ನೊಂದು ಒತ್ತಿ ನಿಂತದ್ದು.

"ಮಾಡಿನ ಮ್ಯಾಲ ಹಂಚು ಹಿಂಗ ಕೂಡಂಗಿಲ್ಲರೀ," ಎಂದಳು ಭುವನೇಶ್ವರಿ. ಅವಳ ದನಿ ಮೆತ್ತಗಾಗಿತ್ತು. "ಅಲ್ಲಿ ಒಂದರ ತುದಿ ಮ್ಯಾಲ ಇನ್ನೊಂದರ ತುದಿ ಬರ್ತದ, ಅಷ್ಟ. ಹಿಂಗ ಬೆನ್ನಿಗಿ ಬೆನ್ನು ಹಚ್ಚಿ ನಿಲ್ಲಸೂದು ಸಾಗಸೂ ಮುಂದ. ಇನ್ನ ಇದನ್ನ ನೋಡ್ರಿ." ಹಂಚಿನ ಅಡಿಯಲ್ಲಿದ್ದ ಸಣ್ಣ ಮೂಗನ್ನು ತೋರಿಸಿದಳು. ಮಾಡಿನ ರೀಪಿಗೆ ಸಿಕ್ಕಿಸುವ ಮೂಗು ಅದು. "ವರ್ಷಗಟ್ಟಲೆ ಕಟ್ಟಿಗಿ ಮ್ಯಾಲ ಕುಂತಿದ್ರ ಇಲ್ಲಿ ಸವೀತಿತ್ತು. ಇದು ಅಚ್ಚಿನಾಗಿಂದ ಹ್ಯಾಂಗ ಬಂತೋ ಹಂಗೇ ಅದ. ಹೊಗಿ ಇಲ್ಲ, ಪಾಚಿ ಕಲಿ ಇಲ್ಲ. ಈ ಹಂಚು ಯಾವ ಮನಿ ಮ್ಯಾಲೂ ಕುಂತಿಲ್ಲ ಅಕ್ಕಾರ. ಬರೂವಾಗ ಹಡಗಿನ ಕೂಡ ಮುಳುಗ್ಯಾವ."

ರಾಜೀವಿ ಒದ್ದೆಯನ್ನೂ ನೋಡದೆ ಅಲ್ಲೇ ಕುಳಿತುಬಿಟ್ಟಳು. ಅಜ್ಜನ ವಿಷಯ ಮೊದಲ ಸಲ ಬಾಯಿಗೆ ಬಂತು. ಹೇಳಿ ಮುಗಿಸುವವರೆಗೂ ಭುವನೇಶ್ವರಿ ಆ ಜೋಡಿ ಹಂಚನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೇಳಿದಳು.

"ಯಾವ ಇಸ್ವಿ ರೀ ಅದು?"

"ಅಮ್ಮ ಹುಟ್ಟಿದ ವರ್ಷ. ಮೂವತ್ತೊಂದು."

"ಹಂಚಿಂದೂ ಇಸ್ವಿ ತಿಳೀಬೇಕು ಮೊದಲ. ಅಲ್ಲೀ ತನಕ ಮನಸ್ಸಿಗಿ ಹಚ್ಕೋಬ್ಯಾಡ್ರಿ."

ಹಚ್ಚಿಕೊಳ್ಳದೆ ಇರುವುದು ಹೇಗೆ? ಆ ವಾರ ಅವಳಿಗೆ ಒಂದು ಕನಸು ಬಿತ್ತು. ಕಡಲ ತಳದಲ್ಲಿ ಉದ್ದಕ್ಕೆ ಹಂಚಿನ ಮಾಡು, ಅದರ ಮೇಲೆ ಮೀನುಗಳು ಗುಬ್ಬಚ್ಚಿಗಳ ಹಾಗೆ ಕೂತಿದ್ದವು. ಅವಳು ಬಾಗಿಲು ದಾಟಿ ಒಳಗೆ ಹೋದಳು. ಒಳಗೆ ನೀರಿರಲಿಲ್ಲ, ಬೆಚ್ಚಗಿತ್ತು. ಯಾರೋ ಒಬ್ಬರು ಗೋಡೆಯ ಕಡೆಗೆ ಮುಖ ಮಾಡಿ ಹಗ್ಗ ಹೊಸೆಯುತ್ತ ಕುಳಿತಿದ್ದರು. ಕರೆಯಬೇಕೆಂದರೆ ಏನೆಂದು ಕರೆಯಬೇಕೋ ತೋಚಲಿಲ್ಲ. ಹಾಗೇ ನೋಡುತ್ತ ನಿಂತಳು. ಎದ್ದಾಗ ಕೆನ್ನೆ ಒದ್ದೆಯಾಗಿತ್ತು, ಆದರೆ ದುಃಖವೇನೂ ಇರಲಿಲ್ಲ.

ನಂತರದ ದಿನಗಳಲ್ಲಿ ಇಸವಿಯೇ ಬರೆದಿರುವ ಒಂದು ತುಂಡು ಸಿಕ್ಕಿತು. 1908. ರಾಜೀವಿ ಅದನ್ನು ಸೆರಗಿನಲ್ಲಿ ಒರೆಸಿಕೊಂಡು ಚಾಳಿನ ಕೆಲಸದ ಜಾಗಕ್ಕೇ ಓಡಿದಳು. "ನೋಡು ಮಾರಾಯ್ತಿ, ಅಜ್ಜನ ಕಾಲದ್ದೇ! ಇದರಲ್ಲೇ ಉಂಟಲ್ಲ!"

ಭುವನೇಶ್ವರಿ ನೋಡಿ, ತಲೆಯಾಡಿಸಿ, ಮೆಲ್ಲಗೆ ನಕ್ಕಳು. "ಇದು ಕಾರ್ಖಾನಿ ಚಾಲೂ ಆದ ಇಸ್ವಿ ರೀ. ನಿಮ್ಮ ಹೋಟೆಲ್ ಬೋರ್ಡಿನ ಮ್ಯಾಲ ಸ್ಥಾಪನೆ ಅಂತ ಬರಸೀರಲ್ಲ, ಹಂಗ. ಹಂಗಂತ ಇವತ್ತಿನ ಇಡ್ಲಿ ಆವತ್ತಿಂದ ಆಗ್ತದೇನು? ಅವರು ಅದೇ ಇಸ್ವಿನ ಕೊನೀ ತನಕ ಒತ್ತೇ ಒತ್ಯಾರ."

"ಹಾಗಾದ್ರೆ ಹೇಗೆ ತಿಳಿಯುದು?"

"ಆಮಿನೇ ಹೇಳ್ತದ. ಬರ್ರಿ ನನ್ನ ಕೂಡ."

ಅವಳ ಆಫೀಸಿನವರು ರಿಪೇರಿ ಮಾಡಿದ ಪ್ರತಿ ಮಾಡಿನಿಂದ ಒಂದೊಂದು ಹಂಚು ತೆಗೆದಿಡುತ್ತಿದ್ದರು. ಪರೇಲಿನ ಒಂದು ಹಳೆಯ ಗೋದಾಮಿನಲ್ಲಿ ಅವುಗಳ ಸಾಲು. ಮೇಲಿನ ಗಾಜಿನಿಂದ ಬೀಳುವ ಬಿಸಿಲಿನಲ್ಲಿ ಧೂಳು ನಿಧಾನವಾಗಿ ಸುತ್ತುತ್ತಿತ್ತು. ಮಾಡು ಇಲ್ಲದ ಹಂಚುಗಳ ಊರಿಗೆ ಬಂದಂತಾಯಿತು ರಾಜೀವಿಗೆ. ಯಾವ ಹಂಚು ಯಾವ ಕಟ್ಟಡದ್ದು, ಆ ಕಟ್ಟಡ ಯಾವಾಗ ಎದ್ದದ್ದು ಎಂದು ಚೀಟಿ ಅಂಟಿಸಿದ್ದರು. ಭುವನೇಶ್ವರಿ ಆಮೆಯ ಗುರುತಿನವುಗಳನ್ನು ಆರಿಸಿ ನೆಲದ ಮೇಲೆ ಹಳೆಯದರಿಂದ ಹೊಸದರವರೆಗೆ ಹರವಿದಳು.

ಯಾರೂ ವಿವರಿಸಬೇಕಾಗಲಿಲ್ಲ. ಹಳೆಯ ಕಟ್ಟಡಗಳ ಆಮೆ ಬರಿದಾಗಿ ನಿಂತಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಟ್ಟಿದವುಗಳಲ್ಲಿ ಮಾತ್ರ ಆಮೆಯ ಸುತ್ತ ಹಗ್ಗದಂಥ ಒಂದು ದುಂಡು ಗೆರೆಯಿತ್ತು. ರಾಜೀವಿ ಚೀಲದಿಂದ ತನ್ನ ಅರ್ಧ ಆಮೆಯನ್ನು ತೆಗೆದಳು. ಚಾಚಿದ ಕತ್ತಿನ ಮುಂದೆ, ಅಷ್ಟು ದಿನ ಹಂಚಿನ ಅಂಚೆಂದೇ ತಿಳಿದಿದ್ದ ಬಾಗಿದ ಗೆರೆ. ಹಗ್ಗದ ಹುರಿ ಹುರಿಯೂ ಕಾಣುತ್ತಿತ್ತು.

"ನಲವತ್ತೈದರ ಈಚಿಂದು," ಎಂದಳು ಭುವನೇಶ್ವರಿ. "ಐವತ್ತರ ಹೊತ್ತಿಗಿ ಕಾರ್ಖಾನಿ ಬಂದ್ ಆಗ್ಯದ. ಅದರ ನಡುವಿಂದು. ಅಜ್ಜಾರ ಹಡಗು ಅಲ್ಲ ಇದು, ಅಕ್ಕಾರ." ನೆಲದ ಮೇಲಿನ ಹಂಚುಗಳನ್ನು ಎತ್ತಿಡುತ್ತ, "ನಾ ಹೇಳಬಾರದಿತ್ತೇನೋ," ಎಂದಳು.

"ಹೇಳದೆ ಇದ್ದಿದ್ರೆ ನಿನ್ನನ್ನು ಸುಮ್ಮನೆ ಬಿಡ್ತಿರ್ಲಿಲ್ಲ ನಾನು," ಎಂದಳು ರಾಜೀವಿ. ಆದರೆ ದಾದರಿಗೆ ಮರಳುವಾಗ ಬಸ್ಸಿನ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದಳು.

ಕೆಲವು ದಿನ ಅವಳು ಕಡಲಿನ ಕಡೆಗೆ ಹೋಗಲಿಲ್ಲ. ಗಲ್ಲೆಯಲ್ಲಿ ಕುಳಿತು ಚಿಲ್ಲರೆ ತಪ್ಪಾಗಿ ಕೊಡುತ್ತಿದ್ದಳು. ಸೊಸೆ ಶ್ರಾವ್ಯಾ, "ಅತ್ತೆ, ಜ್ವರ ಏನಾದ್ರೂ ಬಂದಿದೆಯಾ?" ಎಂದು ಹಣೆ ಮುಟ್ಟಿ ನೋಡಿದಳು. ಜ್ವರವಲ್ಲ. ಬೇರೆಯದೇ ಒಂದು ಯೋಚನೆ ಅವಳನ್ನು ಹಿಡಿದಿತ್ತು. ಅಜ್ಜ ಆ ಮಂಜಿಯಲ್ಲಿರಲಿಲ್ಲ, ಸರಿ. ಆದರೆ ಯಾರೋ ಇದ್ದರಲ್ಲ? ಈ ಹಂಚು ಮುಳುಗಿದಾಗ ಅಮ್ಮ ಹದಿನೈದು ಹದಿನಾರರ ಹುಡುಗಿ. ಆಗಲೂ ಯಾವುದೋ ಮನೆಯಲ್ಲಿ ಒಂದು ತೊಟ್ಟಿಲು ಇದ್ದೀತು. ಆ ಮಗುವಿಗೆ ಈಗ ತನಗಿಂತ ಹತ್ತು ಹದಿನೈದು ವರ್ಷ ಹೆಚ್ಚು ವಯಸ್ಸು. ಅದೂ ಎಲ್ಲೋ ಕನ್ನಡಿ ನೋಡಿಕೊಂಡು ಮೂಗು ಯಾರದ್ದೆಂದು ಕೇಳುತ್ತಿರಬಹುದು.

ಅವರಿಗೆ ಅಗೇಲು ಬಡಿಸಬೇಕೆನಿಸಿತು. ತೀರಿಹೋದವರಿಗೆ ಬಾಳೆಲೆಯಲ್ಲಿ ಊಟ ಬಡಿಸಿ ಕರೆಯುವುದು ಅವಳ ಊರಿನ ಪದ್ಧತಿ. ಆದರೆ ಹೆಸರು ಗೊತ್ತಿಲ್ಲದವರನ್ನು ಹೇಗೆ ಕರೆಯುವುದು? ದಾದರಿನ ಹೂವಿನ ಮಾರ್ಕೆಟಿನಿಂದ ಬಾಳೆಲೆ ತಂದಳು. ಕುಚ್ಚಲಕ್ಕಿ ಅನ್ನ, ಕೋಳಿ ಸುಕ್ಕ, ಬಂಗುಡೆ ಪುಳಿಮುಂಚಿ, ಪಾಯಸ ಎಲ್ಲವನ್ನೂ ಮನೆಯಲ್ಲೇ ತನ್ನ ಕೈಯಾರೆ ಮಾಡಿದಳು. ಇಳಿತದ ಬೆಳಗಿನಲ್ಲಿ ಭುವನೇಶ್ವರಿಯನ್ನು ಜೊತೆಗೆ ಕರೆದುಕೊಂಡು ಹಂಚು ಸಿಕ್ಕ ಜಾಗದಲ್ಲಿ ಎಲೆ ಹಾಸಿ ಬಡಿಸಿದಳು.

"ಯಾರೆಲ್ಲ ಇದ್ದೀರೋ, ಬಂದು ಊಟ ಮಾಡಿ," ಎಂದಳು ಅಷ್ಟೇ.

ಮಂಜಿನೊಳಗಿಂದ ಕಾಗೆಗಳು ಬಂದವು. ಒಂದು ನಾಯಿಯೂ ಬಂತು. ಭುವನೇಶ್ವರಿ ಅದನ್ನು ಓಡಿಸಲು ಎದ್ದಾಗ ರಾಜೀವಿ ಕೈ ಹಿಡಿದು ಕೂರಿಸಿದಳು. ಅಲೆ ಸದ್ದಿಲ್ಲದೆ ಮೇಲೇರಿ ಬಂದು ಎಲೆಯ ತುದಿಯನ್ನು ಎತ್ತಿತು, ಆಮೇಲೆ ಇಡೀ ಎಲೆಯನ್ನು ತೇಲಿಸಿಕೊಂಡು ಹೋಯಿತು.

ಅದಾದ ಮೇಲೆ ರಾಜೀವಿ ಊರಿನ ಕಡೆಯ ಹಿರಿಯರನ್ನೆಲ್ಲ ಕೇಳತೊಡಗಿದಳು. ಭಜನೆಗೆ ಹೋದಲ್ಲಿ, ಮದುವೆಯ ಊಟದಲ್ಲಿ, ಫೋನಿನಲ್ಲಿ ಒಂದೇ ಪ್ರಶ್ನೆ: ಸ್ವಾತಂತ್ರ್ಯ ಬಂದ ಹೊತ್ತಿಗೆ ಮಾಹಿಮಿನ ಹತ್ತಿರ ಹಂಚಿನ ಮಂಜಿ ಮುಳುಗಿದ್ದು ಯಾರಿಗಾದರೂ ಗೊತ್ತೇ? ಹೆಚ್ಚಿನವರಿಗೆ ಮಂಜಿಯೆಂದರೇನೆಂಬುದೇ ಮರೆತಿತ್ತು. ಕೊನೆಗೆ ಒಬ್ಬರು, "ಘಾಟ್ಕೋಪರಿನ ಕೊರಗಪ್ಪಣ್ಣನ ಅಪ್ಪ ಮಂಜಿಯಲ್ಲಿದ್ದವರು. ಅವರನ್ನೊಮ್ಮೆ ಕೇಳಿ ನೋಡಿ," ಎಂದರು.

ಕೊರಗಪ್ಪನವರ ಮನೆ ಘಾಟ್ಕೋಪರ್ ಸ್ಟೇಷನ್ನಿನಿಂದ ಸ್ವಲ್ಪ ಒಳಗೆ, ಒಂದು ಸೊಸೈಟಿಯಲ್ಲಿ. ಎಂಬತ್ತು ದಾಟಿದ ತೆಳ್ಳಗಿನ ಮನುಷ್ಯ, ಬಿಳಿ ಬನಿಯನ್ನು, ದೊಡ್ಡ ಕಿವಿಗಳು. ಬಾಗಿಲು ತೆರೆದು ತುಳುವಿನಲ್ಲೇ ಮಾತು ಶುರುಮಾಡಿದವರು ಭುವನೇಶ್ವರಿಯನ್ನು ನೋಡಿ ಕನ್ನಡಕ್ಕೆ ಬಂದರು. ರಾಜೀವಿ ಚೀಲ ಬಿಚ್ಚಿ ಅರ್ಧ ಆಮೆಯನ್ನು ಮೇಜಿನ ಮೇಲಿಟ್ಟಳು.

ಅವರು ಕನ್ನಡಕ ಹಾಕಿಕೊಂಡು ನೋಡಿದರು. ಎದ್ದು ಅಡುಗೆಮನೆಗೆ ಹೋದರು. ಮಡಕೆ ಸರಿಸಿದ ಸದ್ದು ಕೇಳಿಸಿತು. ಎರಡೂ ಕೈಯಲ್ಲಿ ಹಿಡಿದು ತಂದದ್ದು ಇಡೀ ಒಂದು ಹಂಚು, ನೀರಿನ ಮಡಕೆಯ ಅಡಿಯಲ್ಲಿದ್ದದ್ದು. ನಡುವೆ ದುಂಡು ಹಗ್ಗದ ಗೆರೆ, ಗೆರೆಯೊಳಗೆ ಆಮೆ.

ಭುವನೇಶ್ವರಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಮೊಬೈಲಿನ ಬೆಳಕು ಓರೆಯಾಗಿ ಬಿಟ್ಟಳು. ಇಡೀ ಹಂಚಿನ ಆಮೆಯ ಚಿಪ್ಪನ್ನು ಒಂದು ಸಣ್ಣ ಬಿರುಕಿನ ಗೆರೆ ಹಾದು ಮುಂಗಾಲಿನವರೆಗೆ ಇಳಿದಿತ್ತು. ತುಂಡಿನಲ್ಲೂ ಅದೇ ಗೆರೆ, ಅದೇ ಕಡೆಗೆ ಇಳಿದಿತ್ತು.

"ಇದು ಹಂಚು ಒಡೆದಿದ್ದಲ್ಲರೀ, ಅಚ್ಚು ಬಿರಕ ಬಿಟ್ಟಿದ್ದು," ಎಂದಳು ಅವಳು. "ಎರಡೂ ಒಂದೇ ಅಚ್ಚಿನಾಗ ಹುಟ್ಟ್ಯಾವ. ಬಿರಕ ಬಿಟ್ಟ ಅಚ್ಚು ಭಾಳ ದಿನ ನಡಿಯಂಗಿಲ್ಲ. ಒಂದೇ ಹಂಗಾಮಿನ ಮಾಲು."

"ಒಂದೇ ಮಂಜಿಯ ಮಾಲು," ಎಂದರು ಕೊರಗಪ್ಪ. "ನನ್ನ ಅಪ್ಪ ಇದ್ದ ಮಂಜಿ."

ರಾಜೀವಿ ಕೈ ಜೋಡಿಸಿದಳು. "ಅಣ್ಣಾ, ತಪ್ಪು ತಿಳ್ಕೊಳ್ಬೇಡಿ. ನಿಮ್ಮ ಅಪ್ಪನಿಗೆ, ಅವರೊಟ್ಟಿಗೆ ಹೋದವರಿಗೆಲ್ಲ ನಾನು ಅಲ್ಲಿ ಅಗೇಲು ಬಡಿಸಿದ್ದೇನೆ. ಹೆಸರು ಗೊತ್ತಿರ್ಲಿಲ್ಲ."

ಕೊರಗಪ್ಪ ಅವಳನ್ನೇ ನೋಡಿದರು. ಗಂಟಲಲ್ಲಿ ಏನೋ ಗುಳುಗುಳು ಎಂದಿತು. ಅಳುತ್ತಾರೇನೋ ಎಂದುಕೊಂಡರೆ, ನಗು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅಪ್ಪ ಸತ್ತದ್ದು ಇದೇ ಮನೆಯಲ್ಲಿ, ತಂಗಿ! ತೊಂಬತ್ತು ವರ್ಷದ ಹತ್ತಿರ ಹತ್ತಿರ ಬದುಕಿದ್ರು. ಕೋಳಿ ಹಾಕಿದ್ದಿಯಾ ಎಲೆಗೆ?"

"ಹಾಕಿದ್ದೆ."

"ಹಾಗಾದ್ರೆ ಖಂಡಿತ ಬಂದು ತಿಂದಿದ್ದಾರೆ."

ಆಮೇಲೆ ಅವರು ಹೇಳಿದರು. ಅದು ಮಳೆಗಾಲದ ಮುಂಚಿನ ಕೊನೆಯ ಪ್ರಯಾಣ. ಮಾಹಿಮಿನ ಹತ್ತಿರ ಬಿರುಗಾಳಿಗೆ ಸಿಕ್ಕಿ ಮಂಜಿ ಮರಳ ದಿಬ್ಬಕ್ಕೆ ಬಡಿದು ಅಡಿ ಒಡೆಯಿತು. ಹಂಚಿನ ಭಾರಕ್ಕೆ ಅಲ್ಲೇ ಕೂತುಬಿಟ್ಟಿತು. ಆಳುಗಳೆಲ್ಲ ಪಟಸ್ತಂಭಕ್ಕೆ ತಮ್ಮನ್ನು ಕಟ್ಟಿಕೊಂಡು ದೇವರ ಹೆಸರು ಹೇಳುತ್ತ ಇದ್ದರು. ಗಾಳಿ ನಿಂತಿತು, ನೀರು ಇಳಿಯಿತು. ಬೆಳಗಾಗುವಾಗ ನೋಡಿದರೆ ಸುತ್ತ ಸೊಂಟದಷ್ಟೇ ನೀರು.

"ಸಾಯ್ತೇವೆ ಅಂತ ಇದ್ದವರು ನಡ್ಕೊಂಡು ಬಂದ್ರು, ತಂಗಿ. ಬಟ್ಟೆಯ ಗಂಟು ತಲೆ ಮೇಲೆ ಇಟ್ಕೊಂಡು, ಸಾಲಾಗಿ, ಸಂತೆಗೆ ಹೋಗುವವರ ಹಾಗೆ. ಅಲ್ಲಿನ ಮೀನುಗಾರರ ಕೇರಿ ಕೋಳಿವಾಡದ ಹೆಂಗಸರು ಮೀನು ಬುಟ್ಟಿ ಇಳಿಸಿ ಇವರಿಗೆ ಗಂಜಿ ಕೊಟ್ರಂತೆ. ಅಪ್ಪ ಮಾತ್ರ ಬರುವಾಗ ಈ ಒಂದು ಹಂಚು ಹಿಡ್ಕೊಂಡು ಬಂದ್ರು. ಯಾಕೆ ಅಂತ ಕೇಳಿದ್ರೆ ಅವರಿಗೇ ಗೊತ್ತಿಲ್ಲ. ಆಮೇಲೆ ಅವರು ಕಡಲಿಗೆ ಹೋಗಲೇ ಇಲ್ಲ. ಬಂದರಿನ ಕ್ಯಾಂಟೀನಿನಲ್ಲಿ ಕೆಲಸಕ್ಕೆ ಸೇರಿ, ನನ್ನನ್ನೂ ಅಮ್ಮನನ್ನೂ ಇಲ್ಲಿಗೆ ಕರೆಸಿಕೊಂಡ್ರು. ಆ ಮಂಜಿ ಒಡೆದದ್ದಕ್ಕೇ ನಾನು ಮುಂಬಯಿಯವನಾದದ್ದು."

"ಊರಲ್ಲಿ ಯಾರಿಗೂ ಗೊತ್ತೇ ಇಲ್ವಲ್ಲ ಈ ಕತೆ?"

"ಒಬ್ಬರೂ ಸಾಯದ ಕತೆ. ಯಾರು ನೆನಪಿಟ್ಕೊಳ್ತಾರೆ?"

ರಾಜೀವಿ ಅಜ್ಜ ಪೂವಪ್ಪನ ಬಗ್ಗೆಯೂ ಕೇಳಿದಳು. ಕೊರಗಪ್ಪ ಯೋಚಿಸಿ ತಲೆ ಅಲ್ಲಾಡಿಸಿದರು. ಆ ಹೆಸರು ಅವರು ಕೇಳಿರಲಿಲ್ಲ. ಅದು ಇನ್ನೊಂದು ಮಂಜಿ, ಇನ್ನೊಂದು ವರ್ಷ, ಕಡಲಿನ ಇನ್ನೊಂದು ಜಾಗ. ರಾಜೀವಿ, "ಆಯ್ತಣ್ಣ," ಎಂದಳು. ಹಾಗೆ ಹೇಳುವಾಗ ತನಗೆ ನಿರಾಸೆಯಾಗಿಲ್ಲವೆಂಬುದು ಅವಳಿಗೇ ಆಶ್ಚರ್ಯವಾಯಿತು. ಕೊರಗಪ್ಪನವರ ಸೊಸೆ ಚಹಾ, ನೀರುಳ್ಳಿ ಬಜೆ ತಂದಿಟ್ಟಳು. ಭುವನೇಶ್ವರಿ ಇಡೀ ಹಂಚಿನ ಫೋಟೋಗಳನ್ನು ತೆಗೆದುಕೊಂಡಳು. ಗೋದಾಮಿಗೆ ಬೇಕೇ ಎಂದು ಕೊರಗಪ್ಪ ಕೇಳಿದಾಗ, "ಬ್ಯಾಡ್ರಿ, ಮಡಕಿ ಬುಡಕೇ ಇರಲಿ. ಫೋಟೋ ಸಾಕು," ಎಂದಳು.

ಭುವನೇಶ್ವರಿಗೆ ಅಲ್ಲಿಂದ ಮೆಟ್ರೋ ಹಿಡಿದು ಬೇರೆ ಕಡೆಗೆ ಹೋಗಬೇಕಿತ್ತು. ರಾಜೀವಿ ಒಬ್ಬಳೇ ಲೋಕಲ್ ಹತ್ತಿದಳು. ಮಧ್ಯಾಹ್ನದ ಖಾಲಿ ಲೇಡೀಸ್ ಡಬ್ಬಿ, ಕಿಟಕಿಯ ಪಕ್ಕದ ಸೀಟು. ವಿದ್ಯಾವಿಹಾರ ದಾಟುವಷ್ಟರಲ್ಲಿ ಕಣ್ಣು ಮುಚ್ಚಿತು. ಮಂಜಿನೊಳಗಿಂದ ಅವರೆಲ್ಲ ನಡೆದು ಬರುತ್ತಿದ್ದರು, ತಲೆಯ ಮೇಲೆ ಗಂಟು, ಸೊಂಟದವರೆಗೆ ನೀರು. ಯಾರಿಗೂ ಅವಸರವಿರಲಿಲ್ಲ. ಒಬ್ಬ ಯಾವುದೋ ಹಾಡು ಗುನುಗುತ್ತಿದ್ದ, ಹಿಂದಿನವನು ಅವನನ್ನು ಗೇಲಿ ಮಾಡುತ್ತಿದ್ದ. ನೀರು ಮೊಣಕಾಲಿಗೆ ಇಳಿಯಿತು, ಪಾದಕ್ಕೆ ಇಳಿಯಿತು.

ಯಾರೋ ಭುಜ ತಟ್ಟಿದರು. "ಮಾವಶಿ, ಲಾಸ್ಟ್ ಸ್ಟೇಷನ್. ಉತರಾ ಆತಾ."

ದಾದರ್ ಯಾವಾಗಲೋ ಹಿಂದೆ ಹೋಗಿತ್ತು. ಸಿಎಸ್‌ಎಂಟಿಯ ಎತ್ತರದ ಛಾವಣಿಯ ಕೆಳಗೆ ರೈಲು ನಿಂತಿತ್ತು. ಮುಂಬಯಿಯಲ್ಲಿ ಇಷ್ಟು ವರ್ಷ ಇದ್ದರೂ ರಾಜೀವಿ ಸ್ಟೇಷನ್ ತಪ್ಪಿಸಿಕೊಂಡದ್ದು ಇದೇ ಮೊದಲು. ಫೋನಿನಲ್ಲಿ ಹಿತೇಶನ ಮಿಸ್ಡ್ ಕಾಲುಗಳಿದ್ದವು. "ಎಲ್ಲಿದ್ದೀರಿ ಅಮ್ಮ?" ಎಂದು ಅವನು ಗಾಬರಿಯಿಂದ ಕೇಳಿದಾಗ, "ನಿದ್ದೆ ಬಂತು ಮಾರಾಯ, ಒಳ್ಳೆಯ ನಿದ್ದೆ," ಎಂದು ನಕ್ಕಳು. ಆಮೇಲೆ ಹೊರಗೆ ಬಂದು, ರಸ್ತೆ ದಾಟಿ, ಎದುರಿಗೆ ಕಂಡ ಯಾರದ್ದೋ ಹೋಟೆಲಿಗೆ ಹೋಗಿ ಕುಳಿತು, ಒಂದು ಚಹಾ ಹೇಳಿದಳು.